ಎರಡು ಕೆಂಪು ಕುರ್ಚಿ, ಒಂದು ಉದ್ದನೆ ಸೋಫಾ

ಮೊದಲೇ ಹೇಳಿಬಿಡುತ್ತೇನೆ, ನಾನು ಟಿವಿ ವಿಮರ್ಶಕಿ ಅಲ್ಲ. ತುಮಕೂರಿನಲ್ಲಿ ಬ್ಲೌಸ್ ಹೊಲಿಯುವವಳು. 31 ವರ್ಷದಿಂದ ಅದೇ ಕೆಲಸ. ನನ್ನ ಅಂಗಡಿಯಲ್ಲಿ ಮೆಷಿನ್ ಎದುರಿಗೆ ಒಂದು ಉದ್ದನೆ ಬೆಂಚಿದೆ. ಅಳತೆ ಕೊಡಲು ಬಂದವರು, ಟ್ರಯಲ್ ನೋಡಲು ಬಂದವರು, ಸೀರೆಗೆ ಫಾಲ್ ಹಾಕಿಸಲು ಬಂದವರು ಎಲ್ಲರೂ ಅದರ ಮೇಲೇ ಕೂರಬೇಕು. ಒಬ್ಬರೇ ಕೂತಿದ್ದರೆ ಮಾತು ಸಪ್ಪೆ. ಮಳೆ, ಬಿಸಿಲು, ಮಗಳ ಪರೀಕ್ಷೆ, ಅಷ್ಟೇ. ಮೂವರಾದರೆ ರಂಗೇರುತ್ತದೆ. ಆ ಮೂವರಲ್ಲಿ ಒಬ್ಬಳು ಬಾಯಿಜೋರಿನವಳಾದರಂತೂ ನಾನು ಮೆಷಿನ್ ತುಳಿಯುವುದನ್ನೇ ನಿಲ್ಲಿಸಿಬಿಡುತ್ತೇನೆ.

ಇಂಗ್ಲೆಂಡಿನ ಒಂದು ಟಿವಿ ಕಾರ್ಯಕ್ರಮದ ಬಗ್ಗೆ ಬರೆಯಲು ಕೂತು ಬೆಂಚಿನ ಕಥೆ ಯಾಕೆ ಹೇಳಿದೆ ಅಂದರೆ, ಆ ಕಾರ್ಯಕ್ರಮದ ಗುಟ್ಟೂ ಬೆಂಚೇ. ಅವರು ಅದಕ್ಕೆ ಸೋಫಾ ಅನ್ನುತ್ತಾರೆ ಅಷ್ಟೆ.

2024ರ ಸೆಪ್ಟೆಂಬರ್ ಕೊನೆಗೆ ಮಗಳ ಬಾಣಂತನಕ್ಕೆ ಅಂತ ರೆಡಿಂಗ್‌ಗೆ ಹೋದೆ. ಲಂಡನ್ನಿನ ಪಶ್ಚಿಮಕ್ಕಿರುವ ಊರು. ಬೋರ್ಡಿನಲ್ಲಿ 'ರೀಡಿಂಗ್' ಅಂತ ಓದಿದರೆ ಎಲ್ಲರೂ ನಗುತ್ತಾರೆ. ಅಂಟಿನುಂಡೆ, ಮೆಣಸಿನ ಪುಡಿ, ಒಣಗಿಸಿದ ಬೆಳ್ಳುಳ್ಳಿ, ಸಾಂಬ್ರಾಣಿ ಎಲ್ಲಾ ಕಟ್ಟಿಕೊಂಡು ಹೋಗಿದ್ದೆ. ಸಾಂಬ್ರಾಣಿ ಹೊಗೆ ಹಾಕಿದ ಮೊದಲ ದಿನವೇ ಚಾವಣಿಯಲ್ಲಿದ್ದ ಅಲಾರಂ ಕಿರುಚಿಕೊಂಡಿತು. ಮಗು ಕಿರುಚಿತು. ಮಗಳೂ ಕಿರುಚಿದಳು. ಆಮೇಲೆ ಸಾಂಬ್ರಾಣಿ ಡಬ್ಬ ಬೀರುವಿಗೆ ಸೇರಿತು.

ಐದು ತಿಂಗಳಲ್ಲಿ ನನಗೆ ಅಂಟಿಕೊಂಡ ಒಂದೇ ಚಟ, ಶುಕ್ರವಾರ ರಾತ್ರಿಯ 'ದಿ ಗ್ರಹಾಂ ನಾರ್ಟನ್ ಶೋ'. ಬಿಬಿಸಿ ಒನ್ ಚಾನೆಲ್, ರಾತ್ರಿ 10:40. ಮಗುವಿಗೆ ಹಾಲು ಕುಡಿಸಿ ತೇಗು ಬರಿಸುವ ಹೊತ್ತು ಅದು. ಮಗಳಿಗೆ ನಿದ್ದೆ, ನನಗೆ ಎಚ್ಚರ. ಭುಜದ ಮೇಲೆ ಮಗು, ಎದುರಿಗೆ ಟಿವಿ. ನನ್ನದು ಪಿಯುಸಿ ಇಂಗ್ಲಿಷು. ಅವರ ಉಚ್ಚಾರಣೆ ಅರ್ಧ ತಲೆಮೇಲೆ ಹೋಗುತ್ತಿತ್ತು. ಅಳಿಯಂದಿರು ಕೆಳಗೆ ಅಕ್ಷರ ಬರುವ ಹಾಗೆ ಮಾಡಿಕೊಟ್ಟರು. ಆಮೇಲೆ ಯಾರ ಹಂಗೂ ಬೇಕಾಗಲಿಲ್ಲ.

ಈ ಗ್ರಹಾಂ ನಾರ್ಟನ್ ಇಂಗ್ಲೆಂಡಿನವರಲ್ಲ, ಐರ್ಲೆಂಡಿನವರು. 1963ರಲ್ಲಿ ಹುಟ್ಟಿದವರು. ಬಿಬಿಸಿಯಲ್ಲಿ ಈ ಶೋ ಶುರುವಾಗಿದ್ದು 2007ರಲ್ಲಿ. ಸಿನಿಮಾ ನಟರನ್ನು ಕೂರಿಸಿ ಮಾತಾಡಿಸುವ ಕಾರ್ಯಕ್ರಮಗಳು ಲೋಕದಲ್ಲಿ ಬೇಕಾದಷ್ಟಿವೆ. ಇವರು ಮಾಡಿದ್ದು ಇಷ್ಟೇ. ಒಬ್ಬೊಬ್ಬರನ್ನೇ ಕರೆದು, ಮಾತಾಡಿಸಿ, ಕಳಿಸಿ, ಮುಂದಿನವರನ್ನು ಕರೆಯುವುದನ್ನು ಬಿಟ್ಟರು. ಶುರುವಿನಲ್ಲೇ ಎಲ್ಲರನ್ನೂ ಒಂದೇ ಸೋಫಾದ ಮೇಲೆ ಸಾಲಾಗಿ ಕೂರಿಸಿಬಿಡುತ್ತಾರೆ. ಮುಂದೆ ಟೀಪಾಯಿ, ಅದರ ಮೇಲೆ ಕುಡಿಯುವ ಗ್ಲಾಸುಗಳು. ಹಾಲಿವುಡ್ಡಿನ ಕೋಟ್ಯಧಿಪತಿ ಪಕ್ಕದಲ್ಲಿ ಲಂಡನ್ನಿನ ಕಾಮಿಡಿಯವನು, ಅವನ ಪಕ್ಕದಲ್ಲಿ ಎಂಬತ್ತು ದಾಟಿದ ನಾಟಕದ ಅಜ್ಜಿ. ಒಬ್ಬರು ಮಾತಾಡುವಾಗ ಉಳಿದವರು ಕೇಳಲೇಬೇಕು. ಕ್ಯಾಮೆರಾ ಅವರ ಮುಖ ನೋಡುತ್ತಲೇ ಇರುತ್ತದೆ.

ಆ ನೋಡುವುದರಲ್ಲೇ ಮಜಾ ಇರುವುದು. ನಗು ಬರುವುದು ಹೇಳಿದವರ ಮಾತಿಗಿಂತ ಪಕ್ಕದವರ ಮುಖ ನೋಡಿ. ನನ್ನ ಬೆಂಚಿನಲ್ಲೂ ಅಷ್ಟೇ. ಯಾರೋ ತನ್ನ ಅತ್ತೆಯ ಗೊರಕೆಯನ್ನು ಅನುಕರಿಸಿ ತೋರಿಸಿದಾಗ ನಾನು ನೋಡುವುದು ಅವಳನ್ನಲ್ಲ. ತುದಿಯಲ್ಲಿ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿರುವ ಹೊಸ ಮದುವೆಯ ಹುಡುಗಿಯನ್ನು.

ಇಲ್ಲಿ ನನ್ನ ಮೆಚ್ಚಿನ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಮಿರಿಯಂ ಮಾರ್ಗೋಲೀಸ್. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಹುಟ್ಟಿದವರು, ಕೇಂಬ್ರಿಡ್ಜಿನಲ್ಲಿ ಓದಿದವರು. ಹ್ಯಾರಿ ಪಾಟರ್ ಸಿನಿಮಾದಲ್ಲಿ ಗಿಡಮೂಲಿಕೆ ಪಾಠ ಹೇಳುವ ಪ್ರೊಫೆಸರ್ ಸ್ಪ್ರೌಟ್ ಅಂದರೆ ಮಕ್ಕಳಿಗೆ ಗೊತ್ತಾಗುತ್ತದೆ. ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಸಿಕ್ಕಿದೆ. ಗಿಡ್ಡ, ದಪ್ಪ, ಗುಂಗುರು ಬಿಳಿ ಕೂದಲು. ಮಾತಿನ ಶೈಲಿ ಮಾತ್ರ ಅರಮನೆಯದ್ದು. ಒಂದೊಂದು ಅಕ್ಷರವೂ ಬಿಡಿಸಿಟ್ಟ ಹಾಗೆ. ಆ ಅರಮನೆಯ ಇಂಗ್ಲಿಷಿನಲ್ಲಿ ಹೇಳುವುದೇನು ಅಂತೀರಿ? ನಮ್ಮಲ್ಲಿ ಬಚ್ಚಲುಮನೆ ಬಾಗಿಲು ಹಾಕಿಕೊಂಡು, ಅದೂ ಅಕ್ಕತಂಗಿಯರ ಹತ್ತಿರ ಮಾತ್ರ ಹೇಳುವಂಥದ್ದು.

ಆಕೆಯ ಹಳೆಯ ಎಪಿಸೋಡುಗಳ ತುಣುಕುಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಮೊದಲ ಸಲ ನೋಡಿದಾಗ ಅಳಿಯಂದಿರೂ ಅಲ್ಲೇ ಕೂತಿದ್ದರು. ಪಾಪ, ಅವರೇ ಟಿವಿಗೆ ಹಾಕಿಕೊಟ್ಟದ್ದು. ಪರದೆಯಲ್ಲಿ ಆಕೆಯ ಪಕ್ಕದಲ್ಲಿ ವಿಲ್.ಐ.ಆಮ್ ಅನ್ನುವ ಅಮೆರಿಕದ ಹಾಡುಗಾರ. ಎರಡು ನಿಮಿಷ ಆಗಿರಲಿಕ್ಕಿಲ್ಲ, ಅಳಿಯಂದಿರು ಎದ್ದರು.

"ಅತ್ತೆ, ನೀರು ಕುಡಿದು ಬರ್ತೀನಿ."

ಹೋದವರು ತುಣುಕು ಮುಗಿಯುವ ತನಕ ಬರಲಿಲ್ಲ. ಅಡುಗೆಮನೆಯಿಂದ ನಗು ಮಾತ್ರ ಕೇಳಿಸುತ್ತಿತ್ತು. ನಾನೂ ಇತ್ತ ನಗುತ್ತಿದ್ದೆ. ಒಂದೇ ಜೋಕಿಗೆ ಅತ್ತೆ ಅಳಿಯ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ನಗುವುದು ನಮ್ಮ ಕಡೆಯ ಮರ್ಯಾದೆ.

ಏನು ಹೇಳಿದರು ಅಂತ ಇಲ್ಲಿ ಬರೆಯಲಾರೆ. ಆದರೆ ಯಾಕೆ ಅಸಹ್ಯ ಅನ್ನಿಸಲಿಲ್ಲ ಅಂತ ಆಮೇಲೆ ತುಂಬಾ ಯೋಚನೆ ಮಾಡಿದೆ. ಪೋಲಿ ಮಾತು ನಾನು ಕೇಳದ್ದೇನಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದೇನೆ, ಮೈ ಉರಿದಿದೆ. ಇದು ಹಾಗಲ್ಲ. ಆಕೆ ಮೊದಲು ಕೈ ಹಾಕುವುದು ತನ್ನ ಮೇಲೇ. ತನ್ನ ಹೊಟ್ಟೆ, ತನ್ನ ಹೂಸು, ತನ್ನ ದಡ್ಡತನ. ಅಲ್ಲಿಂದ ಶುರುಮಾಡಿ ನಿಧಾನಕ್ಕೆ ಪಕ್ಕದವರ ಕಡೆ ತಿರುಗುತ್ತಾರೆ. ಅಷ್ಟರಲ್ಲಿ ಪಕ್ಕದವರು ಆಕೆಯ ಪಾಲಾಗಿರುತ್ತಾರೆ. ನಮ್ಮ ಸೋದರತ್ತೆ ಒಬ್ಬರು ಹೀಗೇ ಇದ್ದರು. ಮದುವೆಮನೆಯಲ್ಲಿ ಹೂವು ಕಟ್ಟುವ ಗುಂಪಿನ ನಡುವೆ ಅವರದ್ದೇ ದರ್ಬಾರು. ತಮ್ಮ ಮೊದಲ ರಾತ್ರಿಯ ಫಜೀತಿಯಿಂದ ಶುರುಮಾಡಿ ಊರಿನ ಶಾನುಭೋಗರ ತನಕ ಯಾರನ್ನೂ ಬಿಡುತ್ತಿರಲಿಲ್ಲ. ನಾವು ಹುಡುಗಿಯರು ಕಂಬದ ಹಿಂದೆ ನಿಂತು ಕೇಳುತ್ತಿದ್ದೆವು. ಅವರು ಹೋದಮೇಲೆ ಮದುವೆಗಳಲ್ಲಿ ಬರೀ ಡಿಜೆ.

ಮಾರ್ಗೋಲೀಸ್ ಅವರ ಬಾಯಿ ಸ್ಟುಡಿಯೋಗೆ ಅಂತ ಹಾಕಿಕೊಂಡ ವೇಷ ಅಲ್ಲ ಅಂತ ಗೊತ್ತಾದದ್ದು ಇನ್ನೊಂದು ಕಥೆಯಿಂದ. ಮಗಳು ಹೇಳಿದ್ದು. 2022ರ ಅಕ್ಟೋಬರ್‌ನಲ್ಲಿ ಹ್ಯಾರಿ ಪಾಟರ್ ಸಿನಿಮಾದಲ್ಲಿ ಹ್ಯಾಗ್ರಿಡ್ ಪಾತ್ರ ಮಾಡಿದ ನಟ ರಾಬಿ ಕೋಲ್ಟ್ರೇನ್ ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಹೇಳಲಿ ಅಂತ ಬಿಬಿಸಿ ರೇಡಿಯೋ 4ರ ಬೆಳಗಿನ ಸುದ್ದಿ ಕಾರ್ಯಕ್ರಮಕ್ಕೆ ಈಕೆಯನ್ನು ಕರೆದಿದ್ದರು. ಸ್ವಲ್ಪ ಹೊತ್ತಿಗೆ ಮುಂಚೆ ಅಲ್ಲಿಗೆ ಹೊಸ ಹಣಕಾಸು ಮಂತ್ರಿ ಜೆರೆಮಿ ಹಂಟ್ ಬಂದು ಹೋಗಿದ್ದರು. ಎದುರಿಗೆ ಸಿಕ್ಕಾಗ ಒಳ್ಳೆಯದಾಗಲಿ ಅಂದೆ, ಆದರೆ ನಿಜಕ್ಕೂ ಹೇಳಬೇಕು ಅನ್ನಿಸಿದ್ದು ಬೇರೆ, ಅಂತ ಹೇಳಿ ಆ ಬೇರೆಯದನ್ನೂ ನೇರ ಪ್ರಸಾರದಲ್ಲೇ ಹೇಳಿಬಿಟ್ಟರು. ರೇಡಿಯೋದವರು ಗಡಿಬಿಡಿಯಲ್ಲಿ ಅವರನ್ನು ಹೊರಗೆ ಕಳಿಸಿ, ಕೇಳುಗರ ಕ್ಷಮೆ ಕೇಳಿದರು. ಇಂಗ್ಲೆಂಡಿನ ಟಿವಿಯಲ್ಲಿ ರಾತ್ರಿ 9ರ ಮೇಲೆ ದೊಡ್ಡವರ ಮಾತಿಗೆ ಸ್ವಲ್ಪ ಸಡಿಲ. ಬೆಳಗಿನ ರೇಡಿಯೋಗೆ ಅದು ಎಲ್ಲಿ ಬಂತು!

ಇದೆಲ್ಲಾ ಕೇಳಿ ನಾನು ನೆನೆಸಿಕೊಂಡದ್ದು ನಮ್ಮ ಮಾಸ್ಟರ್ ಹಿರಣ್ಣಯ್ಯನವರನ್ನು. ಚಿಕ್ಕವಳಿದ್ದಾಗ ಅಪ್ಪ ಅವರ 'ಲಂಚಾವತಾರ' ನಾಟಕಕ್ಕೆ ಕರೆದುಕೊಂಡು ಹೋಗಿದ್ದರು. ನಾಟಕದ ಕಥೆ ನನಗೆ ನೆನಪಿಲ್ಲ. ನಡುವೆ ನಾಟಕ ನಿಲ್ಲಿಸಿ ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಝಾಡಿಸಿದ್ದು ನೆನಪಿದೆ. ಅಪ್ಪ ಸರ್ಕಾರಿ ನೌಕರರು. ನಕ್ಕು ನಕ್ಕು ಕಣ್ಣು ಒರೆಸಿಕೊಂಡರು, ಆಮೇಲೆ ಯಾರಾದರೂ ನೋಡಿದರಾ ಅಂತ ಹಿಂದೆ ತಿರುಗಿ ನೋಡಿದರು. ಆ ಹಿಂದೆ ತಿರುಗಿ ನೋಡಿದ್ದು ಕೂಡ ನನಗೆ ಚೆನ್ನಾಗಿ ನೆನಪಿದೆ. ಹಿರಣ್ಣಯ್ಯನವರು ಹೋಗಿದ್ದು 2019ರಲ್ಲಿ. ಅದಕ್ಕೆ ಹಿಂದಿನ ವರ್ಷ ನವೆಂಬರ್‌ನಲ್ಲಿ ಅಂಬರೀಷ್ ಹೋದರು. ಅಂಬರೀಷ್ ಬೈದರೆ ಬೈಸಿಕೊಂಡವರೇ ಖುಷಿಪಡುತ್ತಿದ್ದರು. ಆ ಸೋಫಾದ ತುದಿಯಲ್ಲಿ ಅಂಬರೀಷ್ ಕೂತು, ಹಾಲಿವುಡ್ಡಿನವನಿಗೆ "ಸುಮ್ನಿರಯ್ಯಾ" ಅಂದಿದ್ದರೆ ಹೇಗಿರುತ್ತಿತ್ತು ಅಂತ ಮಗು ತೂಗುತ್ತಾ ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ನಮ್ಮಲ್ಲಿ ಇಂಥ ಶೋ ಇಲ್ಲವಾ ಅಂದರೆ, ಇದೆ, ಆದರೆ ದಾರಿ ಬೇರೆ. 'ವೀಕೆಂಡ್ ವಿತ್ ರಮೇಶ್' 2014ರಲ್ಲಿ ಜೀ ಕನ್ನಡದಲ್ಲಿ ಶುರುವಾದಾಗ ಮೊದಲ ಅತಿಥಿ ಪುನೀತ್ ರಾಜ್‌ಕುಮಾರ್. ಅವತ್ತಿನಿಂದ ನಾನು ನೋಡಿದ್ದೇನೆ. ಶನಿವಾರ ಭಾನುವಾರ ಎಂಟೂವರೆಗೆಲ್ಲಾ ಅಂಗಡಿ ಶಟರ್ ಎಳೆದುಬಿಡುತ್ತಿದ್ದೆ. ಅಲ್ಲೂ ಒಂದು ಕೆಂಪು ಕುರ್ಚಿ ಇದೆ, ಸಾಧಕರ ಕುರ್ಚಿ. ಅದರಲ್ಲಿ ಕೂತವರ ಬಾಳನ್ನು ಹಿಂದಿನಿಂದ ಬಿಚ್ಚುತ್ತಾ ಬರುತ್ತಾರೆ. ಬಾಲ್ಯದ ಗೆಳೆಯ ಬರುತ್ತಾನೆ, ಮೇಷ್ಟ್ರು ಬರುತ್ತಾರೆ, ಅಮ್ಮ ಮಾತಾಡುತ್ತಾರೆ. ಕೂತವರು ಕಣ್ಣೀರು ಒರೆಸಿಕೊಳ್ಳುತ್ತಾರೆ, ಮನೆಯಲ್ಲಿ ನಾವೂ ಒರೆಸಿಕೊಳ್ಳುತ್ತೇವೆ. ರಮೇಶ್ ಅರವಿಂದ್ ಅವರಷ್ಟು ಸಮಾಧಾನವಾಗಿ ಕೇಳಿಸಿಕೊಳ್ಳುವವರು ಟಿವಿಯಲ್ಲಿ ಕಮ್ಮಿ. 2023ರಲ್ಲಿ ಐದನೇ ಸೀಸನ್ನಿಗೆ ದತ್ತಣ್ಣ ಬಂದಿದ್ದರು. ವಾಯುಸೇನೆಯಲ್ಲಿ ವಿಂಗ್ ಕಮಾಂಡರ್ ಆಗಿದ್ದವರು, ಆಮೇಲೆ ಸಿನಿಮಾಗೆ ಬಂದವರು. ಅವರು ಬಾಯಿ ತೆರೆದರೆ ಸಾಕು, ಅಳುವ ಮನಸ್ಸಿನಲ್ಲಿ ಕೂತವರೂ ನಗಬೇಕು. ಇಂಥವರ ಪಕ್ಕದಲ್ಲಿ ಇನ್ನಿಬ್ಬರು ಇರಬೇಕಿತ್ತು, ನಡುವೆ ಬಾಯಿ ಹಾಕಬೇಕಿತ್ತು ಅಂತ ನನಗೆ ಆಸೆ. ಸಾಧಕರ ಕುರ್ಚಿಗೆ ಅದು ಒಗ್ಗುವುದಿಲ್ಲ ಅಂತಲೂ ಗೊತ್ತು. ಅದು ಸನ್ಮಾನದ ಕುರ್ಚಿ. ಶಾಲು ಹೊದ್ದು ಕೂತವರ ಮಾತಿಗೆ ಅಡ್ಡ ಬಾಯಿ ಹಾಕುವುದು ಹೇಗೆ?

ಗ್ರಹಾಂ ನಾರ್ಟನ್ ಅವರ ಕೆಂಪು ಕುರ್ಚಿ ತದ್ವಿರುದ್ಧ. ಅದರಲ್ಲಿ ಕೂರುವುದು ನಟರಲ್ಲ, ನೋಡಲು ಬಂದ ಜನ. ಶೋ ಕೊನೆಗೆ ಒಬ್ಬೊಬ್ಬರಾಗಿ ಬಂದು ಕೂತು ತಮ್ಮ ಬದುಕಿನ ಒಂದು ಫಜೀತಿ ಹೇಳಬೇಕು. ಕಥೆ ಸಪ್ಪೆಯಾಯಿತೋ, ಗ್ರಹಾಂ ಸನ್ನೆಕೋಲು (ಲಿವರ್) ಎಳೆಯುತ್ತಾರೆ. ಕುರ್ಚಿ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಕಾಲು ಮೇಲೆ, ತಲೆ ಕೆಳಗೆ, ಮುಂದಿನವರು ಬನ್ನಿ. ಕಥೆ ಚೆನ್ನಾಗಿದ್ದರೆ ಎದ್ದು ನಡೆದು ಹೋಗಬಹುದು. ಕೆಲವು ಸಲ ಕಥೆ ಚೆನ್ನಾಗಿದ್ದರೂ ಸುಮ್ನೆ ಎಳೆದುಬಿಡುತ್ತಾರೆ. ಮೊದಮೊದಲು ನನಗೆ ಅಯ್ಯೋ ಅನ್ನಿಸುತ್ತಿತ್ತು. ನಾಲ್ಕನೇ ವಾರಕ್ಕೆ ನಾನೇ "ಎಳೀರಿ, ಎಳೀರಿ" ಅನ್ನತೊಡಗಿದೆ. ಮಗು ಒಂದು ಸಲ ಬೆಚ್ಚಿಬಿದ್ದು ಎದ್ದಿತು.

ಈಗ ದುಡ್ಡಿನ ವಿಷಯ. ಅಲ್ಲಿ ಮನೆಯಲ್ಲಿ ಟಿವಿ ನೋಡಲು ಲೈಸೆನ್ಸ್ ಬೇಕು. 2024ರಲ್ಲಿ ಅದು ವರ್ಷಕ್ಕೆ 169.50 ಪೌಂಡ್ ಇತ್ತು, ಆಗಿನ ಲೆಕ್ಕಕ್ಕೆ ನಮ್ಮ 18 ಸಾವಿರದ ಮೇಲೆ. ಕೇಳಿ ಎದೆ ಧಸಕ್ಕಂದಿತು. ಆಮೇಲೆ ನೆನಪಾಯಿತು, ಅಪ್ಪನೂ ಹಿಂದೆ ರೇಡಿಯೋಗೆ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಬರುತ್ತಿದ್ದರು. ಆ ಲೈಸೆನ್ಸ್ ದುಡ್ಡಿನಲ್ಲೇ ಬಿಬಿಸಿ ನಡೆಯುವುದರಿಂದ ನಡುವೆ ಜಾಹೀರಾತಿಲ್ಲ. ಮುಕ್ಕಾಲು ಗಂಟೆ ಚಿಲ್ಲರೆ, ಒಂದೇ ಓಟ. "ಚಿಕ್ಕ ಬ್ರೇಕ್ ಆದಮೇಲೆ ಸಿಗೋಣ" ಅನ್ನುವ ಮಾತಿಲ್ಲದೆ ಒಂದು ಶೋ ನೋಡಿ ನನಗೆ ಎಷ್ಟು ವರ್ಷವಾಗಿತ್ತೋ. ಒಲೆ ಮೇಲೆ ಹಾಲಿಟ್ಟು ಬರುವುದಕ್ಕೂ ಬಿಡುವಿಲ್ಲ, ಅದೊಂದು ಕಷ್ಟ.

ತಕರಾರೂ ಇದೆ. ಬರುವವರೆಲ್ಲಾ ಏನೋ ಒಂದು ಮಾರಲು ಬಂದವರು. ಸಿನಿಮಾ, ಪುಸ್ತಕ, ಹಾಡು. ಟಾಕ್ ಶೋ ನಡೆಸುವ ಕಡೆಯವರು ಮೊದಲೇ ಅತಿಥಿಗಳ ಹತ್ತಿರ ಮಾತಾಡಿ, ಯಾವ ಕಥೆ ಹೇಳಬೇಕು ಅಂತ ಗೊತ್ತುಮಾಡಿಕೊಂಡಿರುತ್ತಾರೆ. ಇದು ಲೋಕಕ್ಕೆಲ್ಲಾ ಗೊತ್ತಿರುವ ಪದ್ಧತಿ. ಹೊಲಿಗೆಗೆ ಮುಂಚೆ ಕಚ್ಚಾ ಹೊಲಿಗೆ ಹಾಕಿಕೊಳ್ಳುವ ಹಾಗೆ. ಕೆಲವು ನಟರು ಆ ಕಚ್ಚಾ ಹೊಲಿಗೆಯ ಗೆರೆ ಬಿಟ್ಟು ಒಂದು ನೂಲೂ ಆಚೆ ಹೋಗುವುದಿಲ್ಲ. "ಡೈರೆಕ್ಟರ್ ತುಂಬಾ ಒಳ್ಳೆಯವರು, ಟೀಮು ಒಂದು ಕುಟುಂಬದ ಹಾಗಿತ್ತು." ಈ ಮಾತು ಕೇಳಲು ರೆಡಿಂಗ್ ತನಕ ಹೋಗಬೇಕಾ? ನಮ್ಮ ಸಿನಿಮಾ ಪ್ರೆಸ್‌ಮೀಟಿನಲ್ಲೂ ಸಿಗುತ್ತದೆ. ಕೊನೆಯಲ್ಲಿ ಒಂದು ಹಾಡು ಇರುತ್ತದೆ. ಅಷ್ಟರಲ್ಲಿ ನಾನು ಬಿಸಿನೀರು ಕಾಯಿಸಲು ಎದ್ದಿರುತ್ತಿದ್ದೆ.

ಹಾಗೆ ಕಚ್ಚಾ ಹೊಲಿಗೆ ಕಿತ್ತು ಹಾಕುವವರು ಬಂದಾಗಲೇ ಈ ಶೋಗೆ ಬೆಲೆ. ಗ್ರೆಗ್ ಡೇವಿಸ್ ಅಂತ ಒಬ್ಬ ಕಾಮಿಡಿ ನಟ ಇದ್ದಾರೆ. ಆರಡಿ ಎಂಟಿಂಚು. 13 ವರ್ಷ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಆ ಆಳು ಹೇಳುವ ಕಥೆಯಲ್ಲೆಲ್ಲಾ ಮಾನ ಹೋಗುವುದು ಅವರದ್ದೇ. ಗ್ರಹಾಂ ಅವರ ಕೆಲಸ ಅಂಥ ಹೊತ್ತಲ್ಲಿ ಸುಮ್ಮನಿರುವುದು. ಚಕಚಕ ಉತ್ತರ ಕೊಡಲು ಬರುವ ಮನುಷ್ಯ, ಆದರೂ ಬಾಯಿ ಮುಚ್ಚಿಕೊಂಡು ಮುಂದಕ್ಕೆ ಬಾಗಿ ಕೂತಿರುತ್ತಾರೆ. ಒಂದು ಹುಬ್ಬು ಮಾತ್ರ ಮೇಲೆ. ಒಳ್ಳೆ ಟೈಲರಿಗೂ ಕತ್ತರಿ ಕೆಳಗಿಡಬೇಕಾದ ಹೊತ್ತು ಗೊತ್ತಿರುತ್ತದೆ.

2024ರ ಅಕ್ಟೋಬರ್ 25ರ ಶುಕ್ರವಾರ. ಮಗುವಿಗೆ ಇಪ್ಪತ್ತು ದಿನ. ಅವತ್ತು ಮಗಳೂ ಎದ್ದಿದ್ದಳು, ಅಳಿಯಂದಿರೂ ಇದ್ದರು. ಸೋಫಾದ ಮೇಲೆ ನಾಲ್ಕು ಜನ. ಸಿನಿಮಾ ನಟರಾದ ಡೆನ್ಜೆಲ್ ವಾಷಿಂಗ್ಟನ್, ಎಡ್ಡಿ ರೆಡ್‌ಮೇನ್, ಪಾಲ್ ಮೆಸ್ಕಲ್, ಅವರ ಜೊತೆ ಸರ್ಶಾ ರೋನನ್ ಅನ್ನುವ ಐರ್ಲೆಂಡಿನ ನಟಿ. ಮೂರು ಗಂಡಸರು, ಒಬ್ಬ ಹೆಂಗಸು, ಕೇಳುವವರೂ ಗಂಡಸು. ರೆಡ್‌ಮೇನ್ ಬಾಡಿಗೆ ಕೊಲೆಗಾರನ ಪಾತ್ರ ಮಾಡಿದ್ದರು. ಅದಕ್ಕೆ ತಾಲೀಮು ಕೊಟ್ಟವರು, ಯಾರಾದರೂ ಮೇಲೆ ಬಿದ್ದರೆ ಮೊಬೈಲನ್ನೇ ಆಯುಧ ಮಾಡಿಕೊಳ್ಳಬಹುದು ಅಂತ ಕಲಿಸಿದ್ದರಂತೆ. ಮೆಸ್ಕಲ್ ನಕ್ಕರು. ಯಾರಾದರೂ ಹೊಡೆಯಲು ಬಂದಾಗ ಫೋನು ತೆಗೆಯೋಣ ಅಂತ ಯಾರಿಗೆ ಹೊಳೆಯುತ್ತದೆ ಅಂತ ತಮಾಷೆ ಮಾಡಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸರ್ಶಾ ಏನೋ ಹೇಳಲು ಹೊರಟರು, ಗಂಡಸರ ನಗುವಿನಲ್ಲಿ ಅದು ಮುಳುಗಿತು. ಆಮೇಲೆ ಒಂದು ಸಣ್ಣ ಸಂದು ಸಿಕ್ಕಿತು. ಹೆಣ್ಣುಮಕ್ಕಳು ಯಾವಾಗಲೂ ಯೋಚಿಸಬೇಕಾಗಿರುವುದು ಇದನ್ನೇ, ಅಂದರು. ಗಲಾಟೆ ಇಲ್ಲ, ಸಿಟ್ಟಿಲ್ಲ. ಸೋಫಾ ಒಂದು ಕ್ಷಣ ತಣ್ಣಗಾಯಿತು. ನಂತರ ಅವರು ನೋಡಲು ಬಂದಿದ್ದ ಹೆಂಗಸರ ಕಡೆ ತಿರುಗಿ, ಹೌದೋ ಅಲ್ವೋ ಅಂತ ಕೇಳಿದರು. ಚಪ್ಪಾಳೆ ಬಿತ್ತು.

ಇಷ್ಟೇ. ಮೂರು ಸೆಕೆಂಡಿನ ಮಾತು. ಮಾರನೆಯ ದಿನದಿಂದ ಅದು ಎಲ್ಲರ ಫೋನಿನಲ್ಲೂ ಓಡಾಡಿತು. ನನ್ನ ತುಮಕೂರಿನ ಗಿರಾಕಿ ಒಬ್ಬರು ನನಗೇ ವಾಟ್ಸಾಪಿನಲ್ಲಿ ಕಳಿಸಿದರು.

ನಮ್ಮ ಮನೆಯಲ್ಲಿ ಅವತ್ತು ರಾತ್ರಿಯೇ ಓಡಾಡಿತು. ಮಗಳು ಟಿವಿ ಕಡೆ ನೋಡುತ್ತಲೇ ಹೇಳಿದಳು, "ಚಳಿಗಾಲದಲ್ಲಿ ಸ್ಟೇಷನ್ನಿಂದ ಮನೆಗೆ ನಡ್ಕೊಂಡು ಬರುವಾಗ ಕೀ ಬೆರಳ ಸಂದಿಲಿ ಹಿಡ್ಕೊಂಡಿರ್ತೀನಿ. ಚೂಪು ಹೊರಗೆ ಮಾಡಿ."

ಅಳಿಯಂದಿರು ಅವಳ ಮುಖ ನೋಡಿದರು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಗೊತ್ತಿರಲಿಲ್ಲ.

ನಾನು ಹೇಳಿದೆ, "ನನ್ನದು ಪಿನ್ನು."

ಹಿಂದೆಲ್ಲಾ ಲೇಸು, ಹುಕ್ಕು, ಲೈನಿಂಗ್ ಬಟ್ಟೆ ತರಲು ತಿಂಗಳಿಗೊಮ್ಮೆ ಬೆಂಗಳೂರಿನ ಚಿಕ್ಕಪೇಟೆಗೆ ಹೋಗುತ್ತಿದ್ದೆ. ಬಸ್ಸಿನಲ್ಲಿ ಎರಡು ಗಂಟೆ, ವಾಪಸ್ ಬರುವಾಗ ನಿಂತುಕೊಂಡೇ. ಸೆರಗಿನ ಒಳಗಡೆ, ಎಡಗೈಗೆ ಸಿಗುವ ಹಾಗೆ, ಒಂದು ಸೇಫ್ಟಿ ಪಿನ್ನು ಬಿಚ್ಚಿ ಇಟ್ಟುಕೊಳ್ಳುತ್ತಿದ್ದೆ. ದೊಡ್ಡ ಸೈಜಿನದ್ದು. ಹಿಂದಿನಿಂದ ಯಾರಾದರೂ ಬೇಕಂತಲೇ ಮೈಮೇಲೆ ಒರಗಿದರೆ ತಿರುಗಿ ನೋಡುವ ಕೆಲಸವೇ ಇಲ್ಲ. ಚುಚ್ಚುವುದು. ಚುಚ್ಚಿಸಿಕೊಂಡವನು ಕೂಗುವ ಹಾಗಿಲ್ಲ, ಕೂಗಿದರೆ ಯಾಕೆ ಚುಚ್ಚಿದಳು ಅಂತ ಹೇಳಬೇಕಲ್ಲ! ನಮ್ಮ ಜೊತೆ ಹೊಲಿಗೆ ಕಲಿತ ಹುಡುಗಿಯರೆಲ್ಲರ ಹತ್ತಿರವೂ ಪಿನ್ನಿತ್ತು. ಆದರೆ ಒಬ್ಬರೂ ಒಬ್ಬರಿಗೂ ಹೇಳಿರಲಿಲ್ಲ. ಮಗಳನ್ನು ಕಾಲೇಜಿಗೆ ಕಳಿಸುವಾಗ ಬ್ಯಾಗಿನಲ್ಲಿ ಒಂದು ಪಿನ್ನು ಹಾಕಿ ಕೊಟ್ಟಿದ್ದೆ, ಬಟ್ಟೆ ಹರಿದರೆ ಬೇಕಾಗುತ್ತೆ ಅಂತ ಹೇಳಿ.

"ಅಮ್ಮಾ, ಅದು ಅದಕ್ಕಾ?" ಅಂದಳು.

"ಎರಡಕ್ಕೂ ಆಗುತ್ತೆ ಕಣೇ."

ಅಳಿಯಂದಿರು ಈ ಸಲ ನೀರು ಕುಡಿಯಲು ಎದ್ದು ಹೋಗಲಿಲ್ಲ.

ಒಂದು ವಿಷಯ ನನಗೆ ಹೊಳೆದದ್ದು ಆಗಲೇ. ಅದೇ ಮಾತನ್ನು ಸರ್ಶಾ ವೇದಿಕೆ ಹತ್ತಿ ಮೈಕ್ ಹಿಡಿದು ಭಾಷಣದಲ್ಲಿ ಹೇಳಿದ್ದರೆ ನಮ್ಮ ಮನೆಯಲ್ಲಿ ಯಾರೂ ಪಿನ್ನಿನ ವಿಷಯ ಎತ್ತುತ್ತಿರಲಿಲ್ಲ. ಪಕ್ಕದಲ್ಲಿ ಗೆಳೆಯರು ಕೂತಿದ್ದಾರೆ. ಮೆಸ್ಕಲ್ ಜೊತೆ ಆಕೆ 2023ರ ಸಿನಿಮಾ ಒಂದರಲ್ಲಿ ನಟಿಸಿದ್ದಾರೆ, ಹಗೆ ಏನಿಲ್ಲ. ನಗು ನಡೆಯುತ್ತಿದೆ, ಎಲ್ಲರ ಮೈ ಸಡಿಲವಾಗಿದೆ, ಆಗ ಒಂದು ಮಾತು ಪಿನ್ನಿನ ಹಾಗೆ ಒಳಗೆ ಹೋಯಿತು. ಮಾರ್ಗೋಲೀಸ್ ಥರದವರ ಪೋಲಿ ಕಥೆಗಳು ವರ್ಷಗಟ್ಟಲೆ ಆ ಸೋಫಾವನ್ನು ಮೆತ್ತಗೆ ಮಾಡಿಟ್ಟಿವೆ. ಅಲ್ಲಿ ಕೂತವರಿಗೆ ಏನು ಬೇಕಾದರೂ ಹೇಳಬಹುದು ಅನ್ನುವ ಧೈರ್ಯ ಇದೆ. ನಮ್ಮಲ್ಲಿ ಒಬ್ಬ ನಟಿ ಬಾಯಿ ತಪ್ಪಿ ಒಂದು ಮಾತು ಹೆಚ್ಚಿಗೆ ಆಡಿದರೆ ಮೂರು ದಿನ ಬ್ರೇಕಿಂಗ್ ನ್ಯೂಸ್, ಸಂಜೆಗೆ ಚರ್ಚೆ, ನಾಲ್ಕನೇ ದಿನ ಕ್ಷಮೆ. 2023ರಲ್ಲಿ ರಮ್ಯಾ ಸಾಧಕರ ಕುರ್ಚಿಯಲ್ಲಿ ಕೂತಾಗ ಅವರು ಏನು ಹೇಳಿದರು ಅನ್ನುವುದಕ್ಕಿಂತ ಎಷ್ಟು ಇಂಗ್ಲಿಷ್ ಬಳಸಿದರು ಅನ್ನುವುದೇ ದೊಡ್ಡ ಗಲಾಟೆಯಾಯಿತು. ಹೀಗಿದ್ದರೆ ಯಾರು ತಾನೇ ಮನಸ್ಸು ಬಿಚ್ಚುತ್ತಾರೆ? ನಾನೂ ಅವತ್ತು ಬೆಂಚಿನಲ್ಲಿ ಕೂತವರ ಜೊತೆ ಸೇರಿ ಇಂಗ್ಲಿಷ್ ಪದ ಎಣಿಸಿದವಳೇ, ಸುಳ್ಳು ಯಾಕೆ ಹೇಳಲಿ.

ನೋಡಬೇಕು ಅನ್ನುವವರಿಗೆ: ಲೈಸೆನ್ಸ್ ಗೀಸೆನ್ಸ್ ಬೇಡ, ಯೂಟ್ಯೂಬಿನಲ್ಲಿ ಅವರದ್ದೇ ಚಾನೆಲ್ ಇದೆ, ತುಣುಕುಗಳು ಪುಕ್ಕಟೆ. ಹ್ಯಾರಿ ಪಾಟರ್ ಹುಡುಗ ಡೇನಿಯಲ್ ರಾಡ್‌ಕ್ಲಿಫ್ 2010ರಲ್ಲಿ ಬಂದು ರಸಾಯನಶಾಸ್ತ್ರದ ಮೂಲವಸ್ತುಗಳ ಹೆಸರಿನ ಹಾಡನ್ನು ಒಂದೇ ಉಸಿರಿಗೆ ಅನ್ನುವ ಹಾಗೆ ಹಾಡಿದ್ದಾನೆ. ಮಕ್ಕಳ ಜೊತೆ ನೋಡುವುದಾದರೆ ಅಲ್ಲಿಂದ ಶುರುಮಾಡಿ. ಮಾರ್ಗೋಲೀಸ್ ಅಜ್ಜಿಯನ್ನು ಮಾವ, ಭಾವ, ಅಳಿಯ ಯಾರೂ ಇಲ್ಲದ ಹೊತ್ತು ನೋಡಿ, ಇಯರ್‌ಫೋನ್ ಹಾಕಿಕೊಳ್ಳಿ. ಅಕ್ಷರ ಬರುವ ಹಾಗೆ ಮಾಡಿಕೊಳ್ಳುವುದು ಮರೆಯಬೇಡಿ. ಐದಕ್ಕೆ ನನ್ನದು ನಾಲ್ಕು. ಹಾಡಿಗೆ ಅರ್ಧ, ಸಿನಿಮಾ ಮಾರುವವರಿಗೆ ಅರ್ಧ ಕಡಿತ.

ಅಲ್ಲಿ ಪ್ರೇಕ್ಷಕರಾಗಿ ಹೋಗುವುದಕ್ಕೆ ದುಡ್ಡಿಲ್ಲ, ಅರ್ಜಿ ಹಾಕಿ ಕಾಯಬೇಕಂತೆ. "ಹಾಕ್ಲಾ ಅಮ್ಮ? ಕೆಂಪು ಕುರ್ಚಿಲಿ ಕೂತ್ಕೋತೀಯಾ?" ಅಂತ ಮಗಳು ರೇಗಿಸಿದಳು. ನಾನು ಇಂಗ್ಲಿಷಿನಲ್ಲಿ ಎಲ್ಲಿ ಹೇಳಲಿ ಅಂದೆ. ಕನ್ನಡದಲ್ಲೇ ಹೇಳು, ನಾನೇ ಗ್ರಹಾಂ ಅಂದಳು. ಊಟದ ಮೇಜಿನ ಕುರ್ಚಿಯನ್ನು ನಡುಮನೆಗೆ ಎಳೆದು, ಅದರ ಮೇಲೆ ನನ್ನದೇ ಮೆರೂನ್ ಶಾಲು ಹೊದಿಸಿದಳು. ಮಗುವಿನ ಗಿಲಕಿಯೇ ಅವಳ ಸನ್ನೆಕೋಲು.

ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. 1998. ಮದುವೆ ಹಿಂದಿನ ರಾತ್ರಿ, ವರಪೂಜೆ ಮುಗಿದು ಹತ್ತು ಗಂಟೆ ಆಗಿರಬಹುದು. ಅಂಗಡಿ ಮುಚ್ಚಿ ಒಳಗೆ ಹೆಮ್ಮಿಂಗ್ ಮಾಡುತ್ತಾ ಕೂತಿದ್ದೆ. ಶಟರ್ ದಬದಬ ಬಡಿದ ಸದ್ದು. ತೆಗೆದು ನೋಡಿದರೆ ಮದುಮಗ. ಒಬ್ಬನೇ. ಪೇಟ ಹಾಗೇ ಇದೆ, ಕೈಯಲ್ಲಿ ಹಸಿರು ರೇಷ್ಮೆ ಬ್ಲೌಸು. ನೋಡಿದ ಕೂಡಲೇ ಗೊತ್ತಾಯಿತು, ಅದು ಮದುಮಗಳ ಬ್ಲೌಸಲ್ಲ. ಆದರೆ ಅದಕ್ಕೂ ಮುಂಚೆ ನಿಮಗೆ ಆ ಹಸಿರು ಬಟ್ಟೆ ಎಲ್ಲಿ ತಂದದ್ದು ಅಂತ ಹೇಳಬೇಕು, ಅದು ಧರ್ಮಾವರಂ ಅಲ್ಲ, ಮೊಳಕಾಲ್ಮೂರು, ಅದರ ಅಂಚು ನೋಡಿ...

ಗಿಲಕಿ ಝಲ್ಲಂದಿತು. "ಬಿತ್ತು! ನೆಕ್ಸ್ಟ್!" ಅಂದಳು ಮಗಳು.

ಅಡುಗೆಮನೆ ಬಾಗಿಲಲ್ಲಿ ಅಳಿಯಂದಿರು ನೀರಿನ ಲೋಟ ಹಿಡಿದುಕೊಂಡು ನಿಂತಿದ್ದರು.

"ಅತ್ತೆ, ಮತ್ತೆ ಅದು ಯಾರ ಬ್ಲೌಸು?"